ಖಾಲಿ ಸೈಟಿನಲ್ಲಿ ಎದ್ದ ಬಿಳಿ ಅಣಬೆ ತಿನ್ನಬಹುದಾ? ಕಾಡು ಅಣಬೆ ಗುರುತಿಸುವುದು ಕಲಿಯೋದು ಹೇಗೆ?

ಟೆರೇಸ್ ತೋಟ, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಮಳೆ ಬಿದ್ದ ಮೇಲೆ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ರಾಶಿ ಅಣಬೆ ಎದ್ದಿವೆ. ಕೊಡೆ ಬಿಚ್ಚಿದ್ದು ಅಂಗೈಗಿಂತ ಅಗಲ. ಎಲ್ಲ ಬಿಳಿ, ನೆತ್ತಿಯಲ್ಲಿ ಮಾತ್ರ ಕಂದು ಬಣ್ಣದ ಹೆಕ್ಕಳೆ ಎದ್ದಿದೆ. ಕಾಂಡಕ್ಕೆ ದಪ್ಪನೆಯ ಉಂಗುರ ಇದೆ, ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ಮೇಲೆ ಕೆಳಗೆ ಜರುಗುತ್ತದೆ. ಹುಲ್ಲಿನ ಮಧ್ಯೆ ಹೆಚ್ಚುಕಮ್ಮಿ ದುಂಡಗೆ ಸಾಲಾಗಿ ನಿಂತಿವೆ.

ಮನೆ ಕೆಲಸಕ್ಕೆ ಬರುವ ಅಕ್ಕ, ಚೆನ್ನಾಗಿರೋದೇ ಕಣಮ್ಮ, ಸಾರು ಮಾಡಿ ಅಂದರು. ಎದುರು ಮನೆಯವರು ಮುಟ್ಟಲೇಬೇಡಿ ಅಂದರು. ಫೋಟೋ ಹಾಕಿದ್ದೇನೆ. ತಿನ್ನಬಹುದಾ? ಇನ್ನೊಂದು ವಿಷಯ, ಇದನ್ನೆಲ್ಲ ಸರಿಯಾಗಿ ಕಲಿಯಬೇಕು ಅಂತ ಬಹಳ ಆಸೆ. ಎಲ್ಲಿಂದ ಶುರು ಮಾಡಲಿ?

ಬೋಟಿ ಗೊಜ್ಜು

ಬಿಳಿ ಅಣಬೆ ಅಲ್ವಾ, ಯೋಚನೆ ಯಾಕೆ? ವಿಷದ್ದು ಕೆಂಪಗೆ ಚುಕ್ಕೆ ಚುಕ್ಕೆ ಇರುತ್ತದೆ. ಸಾರಿಗಿಡಿ, ನಾನೇ ಬಂದು ಮುದ್ದೆ ತೊಳಸುತ್ತೇನೆ.

ಪಾಂಡವಪುರದವನು

ಗೊಜ್ಜು ಅಣ್ಣ, ನೀವು ತಮಾಷೆಗೆ ಹೇಳಿದ್ದನ್ನೂ ಯಾರಾದರೂ ನಿಜ ಅಂದುಕೊಂಡುಬಿಡುತ್ತಾರೆ. ಜಗತ್ತಿನಲ್ಲಿ ಅಣಬೆ ತಿಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಡೆತ್ ಕ್ಯಾಪ್. ಅದು ತಿಳಿ ಹಸಿರು, ಕೆಲವು ಸಲ ಪೂರ್ತಿ ಬಿಳಿ. ಅದೇ ಅಮಾನಿಟಾ ಕುಲದ ಡೆಸ್ಟ್ರಾಯಿಂಗ್ ಏಂಜಲ್ ಅಂತೂ ಅಪ್ಪಟ ಬಿಳಿ. ಚಿತ್ರಪುಸ್ತಕದಲ್ಲಿ ಬರುವ ಕೆಂಪು ಕೊಡೆ, ಬಿಳಿ ಚುಕ್ಕೆಯ ಅಣಬೆಯೂ ವಿಷವೇ. ಆದರೆ ಅದರಿಂದ ಸಾಯುವವರು ಬಹಳ ಅಪರೂಪ. ಬಣ್ಣ ನೋಡಿ ತೀರ್ಮಾನ ಮಾಡೋ ಹಾಗಿಲ್ಲ.

ಟೆರೇಸ್ ತೋಟ ಮೇಡಂ, ಫೋಟೋ ಎಲ್ಲವನ್ನೂ ಮೇಲಿಂದ ತೆಗೆದಿದ್ದೀರಿ. ಕೊಡೆಯ ಅಡಿಭಾಗ ಬೇಕು. ಅಲ್ಲಿರುವ ಮಡಿಕೆಗಳಿಗೆ ಕಿವಿರು ಅನ್ನುತ್ತೇವೆ, ಅದರ ಬಣ್ಣ ಕಾಣಬೇಕು. ಬುಡವೂ ಬೇಕು. ಕೀಳಬೇಡಿ, ಚಾಕು ಇಳಿಸಿ ಮಣ್ಣು ಸಮೇತ ಎಬ್ಬಿಸಿ. ಎಳೆದು ಕಿತ್ತರೆ ಬುಡದಲ್ಲಿ ಚೀಲ ಇದ್ದರೂ ಅದು ಮಣ್ಣಲ್ಲೇ ಉಳಿದುಬಿಡುತ್ತದೆ. ನಮಗೆ ಮುಖ್ಯವಾಗಿ ಬೇಕಾಗಿರೋದೇ ಅದು, ಡೆತ್ ಕ್ಯಾಪಿನಂಥ ವಿಷದ್ದಕ್ಕೆ ಬುಡದಲ್ಲಿ ಆ ಚೀಲ ಇರುತ್ತದೆ. ಬಲಿತದ್ದು ಒಂದು, ಮೊಗ್ಗು ಒಂದು ತೆಗೆದುಕೊಳ್ಳಿ. ಮೊಗ್ಗನ್ನು ಉದ್ದಕ್ಕೆ ಸೀಳಿ ಫೋಟೋ ಹಾಕಿ.

ಇವತ್ತು ರಾತ್ರಿ ಸ್ಪೋರ್ ಪ್ರಿಂಟ್, ಅಂದರೆ ಅಣಬೆಯಿಂದ ಉದುರುವ ಬೀಜದಂಥ ಪುಡಿಯ ಅಚ್ಚು, ಕೂಡ ತೆಗೆಯಿರಿ. ಬಲಿತ ಕೊಡೆಯನ್ನು ಕಾಂಡದಿಂದ ಬೇರೆ ಮಾಡಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕಿವಿರು ಕೆಳಗಾಗಿ ಇಡಿ. ಮೇಲೆ ಒಂದು ಹನಿ ನೀರು ಹಾಕಿ, ಹಳೇ ಬಟ್ಟಲು ಕವುಚಿ ಬೆಳಗಿನವರೆಗೆ ಅಲುಗಾಡಿಸಬೇಡಿ. ಕಾಗದದ ಮೇಲೆ ಪುಡಿ ಉದುರಿರುತ್ತದೆ. ಬಿಳಿ ಪುಡಿ ಕಪ್ಪು ಕಾಗದದ ಮೇಲೆ ಕಾಣುತ್ತದೆ, ಬಣ್ಣದ್ದು ಬಿಳಿ ಕಾಗದದ ಮೇಲೆ. ಅದಕ್ಕೇ ಎರಡು ಬಣ್ಣ.

ನನ್ನ ಅನುಮಾನ ಯಾವುದರ ಮೇಲೆ ಅಂತ ಈಗ ಹೇಳುವುದಿಲ್ಲ. ಹೇಳಿದರೆ ನಿಮ್ಮ ಕಣ್ಣು ಅದನ್ನೇ ಹುಡುಕುತ್ತದೆ. ಅಲ್ಲಿಯತನಕ ಅದು ಅಡುಗೆಮನೆ ಕಟ್ಟೆ ಹತ್ತಬಾರದು.

ಎರಡು ಮಕ್ಕಳ ತಾಯಿ

ಒಂದು ಪ್ರಶ್ನೆ. ನಮ್ಮ ಲೇಔಟ್ ಪಾರ್ಕಿನಲ್ಲೂ ಇಂಥದ್ದೇ ಇವೆ. ಮಕ್ಕಳು ಅದನ್ನು ಒದ್ದು ಆಡುತ್ತಾರೆ. ಕೈ ತಾಗಿದರೆ ವಿಷ ಏರುತ್ತದಾ?

ಗಂಗೋತ್ರಿ ಹಳೇ ವಿದ್ಯಾರ್ಥಿ

ಇಲ್ಲ ಮೇಡಂ. ಮುಟ್ಟಿದ್ದಕ್ಕೆ ವಿಷ ಏರುವುದಿಲ್ಲ, ಹೊಟ್ಟೆಗೆ ಹೋಗಬೇಕು. ಕೈ ತೊಳೆಸಿದರೆ ಸಾಕು. ಆದರೆ ಕಂಡದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಅಂಗಳದಲ್ಲಿ ಎದ್ದದ್ದನ್ನು ಬೆಳಗ್ಗೆ ಎದ್ದ ಕೂಡಲೇ ಕಿತ್ತು ಬಿಸಾಡಿ. ನಾಯಿ ಇದ್ದರೂ ಅಷ್ಟೇ.

ಮಳವಳ್ಳಿ ಅಜ್ಜಿಮನೆ

ಇಷ್ಟೊಂದು ಹೆದರಿಸಬೇಕಾ? ನಮ್ಮಜ್ಜಿ ಕಾಲದಿಂದ ಅಣಬೆ ತಿಂದುಕೊಂಡೇ ಬಂದಿದ್ದೇವೆ. ಅಜ್ಜಿ ಬೇಯಿಸುವಾಗ ಬೆಳ್ಳಿ ಕಾಸು ಹಾಕುತ್ತಿದ್ದರು. ಕಪ್ಪಾದರೆ ಚೆಲ್ಲೋದು. ಕೆಲವರು ಬೆಳ್ಳುಳ್ಳಿ, ಅಕ್ಕಿ ಹಾಕಿ ಬಣ್ಣ ತಿರುಗುತ್ತದಾ ನೋಡುತ್ತಾರೆ. ಅರಿಶಿನದ ನೀರಲ್ಲಿ ನೆನೆಸಿ ತೊಳೆದರೆ ಅರ್ಧ ವಿಷ ಹೋಯಿತು. ಹುಳ ತಿಂದಿದ್ದರೆ ಇನ್ನೂ ಧೈರ್ಯ, ಹುಳಕ್ಕೆ ಆಗಿದ್ದು ನಮಗೆ ಆಗೋದಿಲ್ವಾ? ಇಷ್ಟು ಜನ ತಿಂದು ಬದುಕಿದ್ದೇವಲ್ಲ.

ಗಂಗೋತ್ರಿ ಹಳೇ ವಿದ್ಯಾರ್ಥಿ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಈ ಪರೀಕ್ಷೆಗಳಲ್ಲಿ ಒಂದೂ ನಡೆಯುವುದಿಲ್ಲ.

ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶಕ್ಕೆ. ಮೊಟ್ಟೆ ತಿಂದ ಬೆಳ್ಳಿ ಚಮಚವೂ ಕಪ್ಪಾಗುತ್ತದೆ. ಡೆತ್ ಕ್ಯಾಪಿನಲ್ಲಿರುವ ವಿಷದ ಹೆಸರು ಅಮಾಟಾಕ್ಸಿನ್. ಅದು ಬೆಳ್ಳಿಯ ಬಣ್ಣ ಕೆಡಿಸುವುದೇ ಇಲ್ಲ, ಕಾಸು ಫಳಫಳ ಹೊಳೆಯುತ್ತಲೇ ಇರುತ್ತದೆ. ಅಕ್ಕಿ, ಬೆಳ್ಳುಳ್ಳಿ ಕಥೆಯೂ ಇಷ್ಟೇ. ಅರಿಶಿನ ಹಾಕಿ ತೊಳೆದರೆ ಮಣ್ಣು ಹೋಗುತ್ತದೆ. ಕುದಿಸಿದರೂ, ಹುರಿದರೂ, ಬಿಸಿಲಲ್ಲಿ ಒಣಗಿಸಿದರೂ, ಫ್ರಿಜ್ಜಿನಲ್ಲಿಟ್ಟರೂ ಅಮಾಟಾಕ್ಸಿನ್ ಕದಲುವುದಿಲ್ಲ. ಹುಳ, ಗೊಂಡೆಹುಳ ಡೆತ್ ಕ್ಯಾಪನ್ನೂ ಆರಾಮಾಗಿ ತಿನ್ನುತ್ತವೆ. ಅವುಗಳ ಮೈ ಬೇರೆ, ನಮ್ಮ ಮೈ ಬೇರೆ.

ರುಚಿ ನೋಡಿ ಹೇಳುತ್ತೇನೆ ಅನ್ನುವವರೂ ಇದ್ದಾರೆ. ಡೆತ್ ಕ್ಯಾಪ್ ತಿಂದು ಬದುಕಿ ಉಳಿದವರು ಅದು ಬಹಳ ರುಚಿಯಾಗಿತ್ತು ಅಂತಲೇ ಹೇಳಿದ್ದಾರೆ.

ಮಳವಳ್ಳಿ ಅಜ್ಜಿಮನೆ

ಹಾಗಾದರೆ ನಮ್ಮಜ್ಜಿಗೆ ಏನೂ ಗೊತ್ತಿರಲಿಲ್ಲ ಅನ್ನುತ್ತೀರಾ?

ಪಾಂಡವಪುರದವನು

ಅಜ್ಜಿಗೆ ನಮಗಿಂತ ಜಾಸ್ತಿ ಗೊತ್ತಿತ್ತು ಅಕ್ಕಾ. ಆದರೆ ಅವರನ್ನು ಕಾಪಾಡಿದ್ದು ಬೆಳ್ಳಿ ಕಾಸಲ್ಲ. ನೆನಪು ಮಾಡಿಕೊಳ್ಳಿ, ಅವರು ಎಲ್ಲಿಂದ ಕೀಳುತ್ತಿದ್ದರು? ಸಿಕ್ಕಸಿಕ್ಕಲ್ಲಿ ಕೀಳುತ್ತಿದ್ದರಾ?

ಮಳವಳ್ಳಿ ಅಜ್ಜಿಮನೆ

ಇಲ್ಲ ಇಲ್ಲ. ನಮ್ಮ ಹೊಲದ ಬದುವಿನಲ್ಲಿ ಹಳೇ ಹುತ್ತ ಇತ್ತು. ಗುಡುಗು ಸಿಡಿಲು ಬಂದು ಮಳೆ ಹುಯ್ದ ಮೇಲೆ ಬೆಳಗಿನ ಜಾವ ಅಲ್ಲಿಗೇ ಹೋಗುತ್ತಿದ್ದರು. ಬೇರೆ ಕಡೆ ಎದ್ದಿದ್ದರೆ ಕಾಲಲ್ಲಿ ತಳ್ಳಿ ಮುಂದೆ ಹೋಗುತ್ತಿದ್ದರು. ನಾವು ಕಿತ್ತು ತಂದರೆ ಬೈದು ಎಸೆಸುತ್ತಿದ್ದರು.

ಪಾಂಡವಪುರದವನು

ನೋಡಿ, ವಿದ್ಯೆ ಇರೋದು ಅಲ್ಲಿ. ಒಂದೇ ಜಾತಿ, ಒಂದೇ ಹುತ್ತ, ಒಂದೇ ಕಾಲ. ಮಿಕ್ಕಿದ್ದನ್ನು ಮುಟ್ಟಲಿಲ್ಲ. ವಿಷದ್ದು ಯಾವುದು ಅಂತ ಅವರು ಪತ್ತೆ ಮಾಡಲಿಕ್ಕೇ ಹೋಗಲಿಲ್ಲ. ಗೊತ್ತಿದ್ದದ್ದನ್ನು ಮಾತ್ರ ತಂದರು. ಕಾಸು ಹಾಕಿದ್ದು ಮನಸ್ಸಿನ ಸಮಾಧಾನಕ್ಕೆ.

ತೊಂದರೆ ಆಗೋದು ಈ ತಿಳಿವಳಿಕೆಯನ್ನು ಹೊತ್ತುಕೊಂಡು ಬೇರೆ ಊರಿಗೆ ಹೋದಾಗ. 2012ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೆತ್ ಕ್ಯಾಪ್ ತಿಂದು ಇಬ್ಬರು ಸತ್ತರು. ಅವರಲ್ಲಿ ಒಬ್ಬ ಚೀನಾದಿಂದ ಬಂದಿದ್ದ ಬಾಣಸಿಗ. ಹೊಸ ವರ್ಷದ ಹಿಂದಿನ ರಾತ್ರಿ ಅಡುಗೆ ಮಾಡಿದ್ದೂ ಆತನೇ. ಅವನಿಗೆ ಅಣಬೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಅವನ ಊರಿನಲ್ಲಿ ತಿನ್ನುವ ಭತ್ತದ ಹುಲ್ಲಿನ ಅಣಬೆಗೂ ಕ್ಯಾನ್‌ಬೆರಾದಲ್ಲಿ ಓಕ್ ಮರದ ಕೆಳಗೆ ಏಳುವ ಡೆತ್ ಕ್ಯಾಪಿಗೂ ಮೇಲ್ನೋಟಕ್ಕೆ ಅಷ್ಟು ಹೋಲಿಕೆ. ನಮ್ಮ ದೇಶದಲ್ಲೇ 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು, ಹೆಚ್ಚಿನವರು ಚಹಾ ತೋಟದವರು.

ಮಳವಳ್ಳಿಯಲ್ಲಿ ಕಲಿತದ್ದು ಕುವೆಂಪುನಗರದ ಸೈಟಿಗೆ ಹೊಂದುತ್ತದೆ ಅಂತ ಏನೂ ಇಲ್ಲ. ಅಲ್ಲಿ ಹುತ್ತವೇ ಇಲ್ಲ, ಲಾರಿಯಲ್ಲಿ ತಂದು ಸುರಿದ ಮಣ್ಣಿದೆ.

ಟೆರೇಸ್ ತೋಟ, ಕುವೆಂಪುನಗರ

ಸ್ಪೋರ್ ಪ್ರಿಂಟ್ ಬಂತು! ಬೆಳಗ್ಗೆ ಬಟ್ಟಲು ಎತ್ತಿದರೆ ಬಿಳಿ ಕಾಗದದ ಮೇಲೆ ಗೆರೆ ಗೆರೆಯಾಗಿ ಮಂಕು ಹಸಿರು ಪುಡಿ. ಕೊಡೆಯ ಅಡಿಯ ಮಡಿಕೆಗಳೆಲ್ಲ ಹಾಗೇ ಅಚ್ಚಾಗಿವೆ. ಫೋಟೋ ಹಾಕಿದ್ದೇನೆ. ಬಲಿತ ಅಣಬೆಯ ಕಿವಿರು ಬೂದುಹಸಿರು ಇದೆ, ಎಳೆಯದರದ್ದು ಮಾತ್ರ ಬೆಳ್ಳಗೆ. ಬುಡ ಸ್ವಲ್ಪ ಊದಿಕೊಂಡಿದೆ, ಚೀಲ ಇಲ್ಲ.

ಪಾಂಡವಪುರದವನು

ಅನುಮಾನ ಇದ್ದದ್ದು ಇದರ ಮೇಲೆಯೇ. ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಹುಲ್ಲುಹಾಸು, ಪಾರ್ಕು, ಖಾಲಿ ಸೈಟು, ಕಾಲೇಜು ಮೈದಾನ, ಮಳೆ ಬಿದ್ದರೆ ಎಲ್ಲೆಲ್ಲೂ ಏಳುತ್ತದೆ. ಬೆಚ್ಚಗಿನ ದೇಶಗಳಲ್ಲೆಲ್ಲ ಇದೆ. ಇಷ್ಟು ದೊಡ್ಡ ಅಣಬೆಗೆ ಹಸಿರು ಪುಡಿ ಉದುರಿತು ಅಂದರೆ ಬೇರೆ ಯಾವುದಕ್ಕೂ ಅನುಮಾನ ಹೋಗಬೇಕಾಗಿಲ್ಲ. ಜರುಗುವ ಉಂಗುರ, ನೆತ್ತಿಯ ಕಂದು ಹೆಕ್ಕಳೆ, ಎಲ್ಲ ಹೊಂದುತ್ತದೆ.

ತಿಂದರೆ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರುವಾಗಿ ಮೈಯಲ್ಲಿ ನೀರೇ ಇಲ್ಲದ ಹಾಗೆ ಮಾಡುತ್ತದೆ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಅದೇ ಅಪಾಯ. ಜಾಸ್ತಿ ಜನ ಬೀಳುವುದು ಎಲ್ಲಿ ಅಂದರೆ ಮೊಗ್ಗು ಕಿತ್ತಾಗ. ಕಿವಿರು ಇನ್ನೂ ಬಿಳಿ ಇರುತ್ತದೆ, ಹಸಿರು ತಿರುಗುವುದು ಬಲಿತ ಮೇಲೆ. ಎಳೆಯದು ರುಚಿ ಅಂತ ಅದನ್ನೇ ಆರಿಸಿ ಕೀಳುತ್ತಾರೆ.

ಬೋಟಿ ಗೊಜ್ಜು

ಮುದ್ದೆ ಕ್ಯಾನ್ಸಲ್.

ಟೆರೇಸ್ ತೋಟ, ಕುವೆಂಪುನಗರ

ಕೆಲಸದ ಅಕ್ಕನಿಗೆ ಕಾಗದ ತೋರಿಸಿದೆ. ಅವರ ಊರು ನಂಜನಗೂಡಿನ ಕಡೆ. ನಮ್ಮೂರಿನ ಅಣಬೆಗೆ ಈ ಉಂಗುರ ಇರಲಿಲ್ಲ ಕಣಮ್ಮ, ನಾನು ಬಗ್ಗಿ ನೋಡಲಿಲ್ಲ ಅಂದರು. ಸರಿ, ಈಗ ಕಲಿಯೋದು ಹೇಗೆ ಹೇಳಿ. ಪುಸ್ತಕ ತೆಗೆದುಕೊಳ್ಳಲಾ, ಆ್ಯಪ್ ಹಾಕಿಕೊಳ್ಳಲಾ?

ಗಂಗೋತ್ರಿ ಹಳೇ ವಿದ್ಯಾರ್ಥಿ

ಆ್ಯಪ್ ವಿಷಯ ಮೊದಲು ಮುಗಿಸುತ್ತೇನೆ. ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್ ಎರಡನ್ನೂ ನಾನೂ ಬಳಸುತ್ತೇನೆ. ಯಾವ ಕುಲದ ಕಡೆ ಹುಡುಕಬೇಕು ಅನ್ನೋದಕ್ಕೆ ಒಂದು ದಾರಿ ತೋರಿಸುತ್ತವೆ. ಐನ್ಯಾಚುರಲಿಸ್ಟಿನಲ್ಲಿ ಬೇರೆಯವರು ಬಂದು ತಿದ್ದುತ್ತಾರೆ, ಅದು ಒಳ್ಳೆಯದು. ಆದರೆ ಫೋನಿಗೆ ವಾಸನೆ ಗೊತ್ತಾಗದು, ಪುಡಿಯ ಬಣ್ಣ ಗೊತ್ತಾಗದು, ಮಣ್ಣಿನೊಳಗೆ ಏನಿದೆ ಅಂತ ಗೊತ್ತಾಗದು. ಅದು ಹೇಳಿದ ಹೆಸರು ನಂಬಿ ಒಲೆ ಹಚ್ಚಬೇಡಿ. ಪುಸ್ತಕ ತೆಗೆದುಕೊಂಡರೆ ನಮ್ಮ ಕಡೆಯ ಅಣಬೆಗಳದ್ದೇ ಆಗಿರಲಿ. ಯುರೋಪಿನ ಪುಸ್ತಕ ಹಿಡಿದು ಚಾಮುಂಡಿ ಬೆಟ್ಟ ಹತ್ತಿದರೆ ಅರ್ಧ ಅಣಬೆ ಅದರಲ್ಲಿ ಇರುವುದೇ ಇಲ್ಲ. ಇರೋ ಅರ್ಧವೂ ತಪ್ಪು ಹೆಸರಿಗೆ ಹೋಗಿ ಕೂರುತ್ತವೆ.

ಪಾಂಡವಪುರದವನು

ಮೇಡಂ, ನನ್ನ ಅಭಿಪ್ರಾಯ ಕೇಳಿದರೆ ಮೊದಲ ಮಳೆಗಾಲ ಪೂರ್ತಿ ಏನನ್ನೂ ತಿನ್ನಬೇಡಿ. ಸುಮ್ನೆ ನೋಡಿ. ಕಂಡದ್ದಕ್ಕೆಲ್ಲ ಪ್ರಿಂಟ್ ತೆಗೆಯಿರಿ, ಕಾಗದದ ಮೇಲೆ ದಿನಾಂಕ, ಜಾಗ, ಪಕ್ಕದಲ್ಲಿ ಯಾವ ಮರ ಇತ್ತು ಎಲ್ಲ ಬರೆದಿಡಿ. ಆಮೇಲೆ ಒಂದೇ ಒಂದು ಜಾತಿ ಆರಿಸಿಕೊಳ್ಳಿ. ಮಂಡ್ಯ, ಮೈಸೂರಿನವರಿಗೆ ಅದು ಹುತ್ತದ ಅಣಬೆಯೇ ಆಗಬೇಕು. ಅದಕ್ಕಿರುವಷ್ಟು ಸ್ಪಷ್ಟ ಗುರುತು ಇಲ್ಲಿ ಬೇರೆ ಯಾವ ತಿನ್ನುವ ಅಣಬೆಗೂ ಇಲ್ಲ.

ಇದು ಟರ್ಮಿಟೊಮೈಸಿಸ್ ಕುಲ. ಗೆದ್ದಲು ಹುತ್ತದೊಳಗೆ ಇದನ್ನು ಬೆಳೆಸಿಕೊಳ್ಳುತ್ತದೆ. ತಿಂದ ಒಣ ಕಡ್ಡಿ, ಎಲೆಯನ್ನು ಹಿಕ್ಕೆಯಾಗಿ ಹಾಕಿ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ, ಅದನ್ನೇ ತಿನ್ನುತ್ತದೆ. ಮಳೆ ಬಿದ್ದು ಹದ ಕೂಡಿದಾಗ ಆ ಗೂಡಿನಿಂದ ಅಣಬೆ ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಗೆದ್ದಲಿಲ್ಲದೆ ಇದನ್ನು ಬೆಳೆಸಿ ಮಾರಲು ಯಾರಿಗೂ ಆಗಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗದಿರುವುದು ಅದಕ್ಕೇ.

ನೋಡುವ ರೀತಿ ಹೇಳುತ್ತೇನೆ. ಅಣಬೆ ಪಕ್ಕದಲ್ಲಿ ಸಣ್ಣ ಗುದ್ದಲಿ ಇಳಿಸಿ, ಕಾಂಡದ ಜೊತೆಯಲ್ಲೇ ಕೆಳಗೆ ಹೋಗಿ. ಮಣ್ಣಿನ ಮಟ್ಟಕ್ಕೆ ಕಾಂಡ ಮುಗಿಯುವುದಿಲ್ಲ. ಬೇರಿನ ಹಾಗೆ ಸಣ್ಣಗಾಗುತ್ತಾ ಕೆಳಗಿಳಿಯುತ್ತದೆ, ಕೆಲವು ಸಲ ಒಂದು ಮೊಳ ದಾಟುತ್ತದೆ. ತುದಿಗೆ ಗೆದ್ದಲಿನ ಗೂಡು ಸಿಗಬೇಕು, ತೂತು ತೂತಾದ ಕಂದು ಉಂಡೆ, ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಗುಂಡುಗಳು. ಅದು ಕಂಡರೆ ಅರ್ಧ ಕೆಲಸ ಆಯಿತು. ಇನ್ನರ್ಧ ಮೇಲಿದೆ. ಕೊಡೆಯ ನೆತ್ತಿಯಲ್ಲಿ ಗಟ್ಟಿ ಮೊನೆ ಇರುತ್ತದೆ, ಮಣ್ಣು ಸೀಳಿ ಬರಲು. ಬಲಿತ ಮೇಲೆ ಕೊಡೆಯ ಅಂಚು ಅಲ್ಲಲ್ಲಿ ಬಿರಿಯುತ್ತದೆ. ಕಿವಿರು ಒತ್ತೊತ್ತಾಗಿ ಇದ್ದು ಕಾಂಡಕ್ಕೆ ಅಂಟಿರುವುದಿಲ್ಲ. ಬುಡದಲ್ಲಿ ಚೀಲ ಇರುವುದಿಲ್ಲ. ಸ್ಪೋರ್ ಪ್ರಿಂಟ್ ತಿಳಿ ಗುಲಾಬಿ. ಇಷ್ಟೂ ಒಟ್ಟಿಗೆ ಇರಬೇಕು. ಒಂದು ತಪ್ಪಿದರೂ ಬಿಟ್ಟುಬಿಡಿ.

ಉದ್ದ ಬೇರು ಒಂದನ್ನೇ ನಂಬಿ ಕೂರಬೇಡಿ. ಮಣ್ಣಲ್ಲಿ ಹೂತ ಮರದ ತುಂಡಿನಿಂದ ಏಳುವ ಬೇರೆ ಅಣಬೆಗಳಿಗೂ ಹಾಗೇ ಬೇರು ಇರುತ್ತದೆ, ಅವುಗಳ ಪುಡಿ ಬಿಳಿ. ಹುತ್ತದ ಹತ್ತಿರ ಎದ್ದದ್ದೆಲ್ಲ ಹುತ್ತದ ಅಣಬೆಯೂ ಅಲ್ಲ. ಮೇಡಂ ಸೈಟಿನಲ್ಲಿ ಎದ್ದ ಇದೇ ಹಸಿರು ಪುಡಿಯದ್ದು ಹುತ್ತದ ಪಕ್ಕದ ಹುಲ್ಲಿನಲ್ಲೂ ಏಳಬಹುದು. ಅದಕ್ಕೇ ಅಗೆದು ನೋಡಿ ಅನ್ನೋದು.

ಕಬಿನಿ ಹಿನ್ನೀರು

ಎಚ್.ಡಿ.ಕೋಟೆ ಕಡೆಯಿಂದ. ನಮ್ಮಲ್ಲಿ ನುಚ್ಚಣಬೆ ಅಂತ ಸಣ್ಣದು ಬರುತ್ತದೆ, ನೂರಾರು ಒಟ್ಟಿಗೆ ಎದ್ದು ನೆಲ ಬೆಳ್ಳಗೆ ಕಾಣುತ್ತದೆ. ಅದೂ ಗೆದ್ದಲಿನದ್ದೇ, ಆದರೆ ಅದಕ್ಕೆ ಉದ್ದ ಬೇರು ಇಲ್ಲ. ಅಣ್ಣ ಹೇಳಿದ ಗುರುತು ಇದಕ್ಕೆ ನಡೆಯಲ್ಲ.

ಪಾಂಡವಪುರದವನು

ನಿಜ. ಗೆದ್ದಲು ಗೂಡಿನ ಚೂರುಗಳನ್ನು ಹೊರಗೆ ತಂದು ಹಾಕಿದ ಕಡೆ ಅದು ಏಳುತ್ತದೆ, ಆದ್ದರಿಂದ ಬೇರಿನ ಅಗತ್ಯ ಇಲ್ಲ. ರುಚಿ ಅದ್ಭುತ. ಆದರೆ ಹೊಸಬರು ಅದರ ತಂಟೆಗೆ ಹೋಗಬಾರದು. ಸಣ್ಣ ಬಿಳಿ ಅಣಬೆ ಜಾತಿಗಳು ಲೆಕ್ಕವಿಲ್ಲದಷ್ಟಿವೆ, ಅದರಲ್ಲಿ ಕೆಟ್ಟವೂ ಇವೆ. ನೂರರ ಮಧ್ಯೆ ಬೇರೆಯದು ನಾಲ್ಕು ಸೇರಿದ್ದರೆ ಯಾರು ಆರಿಸುತ್ತಾರೆ?

ಕಬಿನಿ ಹಿನ್ನೀರು

ಅದೂ ಸರಿ. ಇನ್ನೊಂದು ಮಾತು. ಮೈಸೂರು, ಬೆಂಗಳೂರಿನಿಂದ ಕಾರಲ್ಲಿ ಬಂದು ಕಾಡಿನ ಅಂಚಿನಲ್ಲಿ ಇಳಿದು ಅಣಬೆ ಹುಡುಕುವವರು ಈಗೀಗ ಕಾಣುತ್ತಾರೆ. ನಾಗರಹೊಳೆ, ಬಂಡೀಪುರ ಎರಡೂ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯ್ದೆ ಇದೆ, ಸುಮ್ಮನೆ ಒಳಗೆ ನುಗ್ಗಿ ಕಿತ್ತು ತರುವ ಹಾಗಿಲ್ಲ. ಮೊದಲನೆಯದಾಗಿ ಆನೆ ಇದೆ. ನೆಲ ನೋಡಿಕೊಂಡು ನಡೆಯುವವನಿಗೆ ಮುಂದೆ ನಿಂತಿರುವ ಆನೆ ಕಾಣುವುದಿಲ್ಲ.

ನಮ್ಮ ಕಡೆ ಜೇನುಕುರುಬರ ಹಿರಿಯರ ಜೊತೆ ಒಂದು ಬೆಳಗ್ಗೆ ನಡೆದರೆ ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ. ಅವರು ಅಣಬೆ ನೋಡುವ ಮುಂಚೆ ಮರ ನೋಡುತ್ತಾರೆ, ಮಣ್ಣು ನೋಡುತ್ತಾರೆ. ಎತ್ತಿ ಮೂಸುತ್ತಾರೆ. ಆಮೇಲೆ ತಲೆ ಅಲ್ಲಾಡಿಸಿ ಬಿಟ್ಟು ಹೋಗುತ್ತಾರೆ. ತರೋದಕ್ಕಿಂತ ಬಿಡೋದೇ ಜಾಸ್ತಿ.

ರಾತ್ರಿಪಾಳಿ, ಮಂಡ್ಯ

ನಾನು ನರ್ಸ್. ಇಷ್ಟು ಹೊತ್ತು ಓದುತ್ತಿದ್ದೆ, ನನ್ನ ಕಡೆಯಿಂದ ಒಂದಿಷ್ಟು.

ಅಣಬೆ ತಿಂದು ಬಂದವರನ್ನು ನಾವು ಮೊದಲು ಕೇಳುವುದು ಎಷ್ಟು ತಿಂದಿರಿ ಅಂತ ಅಲ್ಲ. ತಿಂದು ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು ಅಂತ. ಎರಡು ಮೂರು ಗಂಟೆಯೊಳಗೆ ಶುರುವಾದರೆ ಸಾಮಾನ್ಯವಾಗಿ ಹೊಟ್ಟೆ ಕೆಡಿಸುವ ಜಾತಿ. ಆರು ಗಂಟೆ ಕಳೆದ ಮೇಲೆ, ರಾತ್ರಿ ಉಂಡು ಮಲಗಿ ಬೆಳಗಿನ ಜಾವ ಶುರುವಾದರೆ ನಮಗೆ ಭಯ. ಅಮಾಟಾಕ್ಸಿನ್ ಹಾಗೆಯೇ, ತಡವಾಗಿ ತೋರಿಸಿಕೊಳ್ಳುತ್ತದೆ. ಒಂದು ದಿನ ವಾಂತಿ ಭೇದಿ. ಆಮೇಲೆ ಎಲ್ಲ ನಿಂತು ರೋಗಿ ಎದ್ದು ಕೂರುತ್ತಾನೆ, ಹಸಿವಾಗುತ್ತದೆ ಅನ್ನುತ್ತಾನೆ. ಮನೆಯವರು ಹುಷಾರಾದ ಅಂತ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಾರೆ. ದಯವಿಟ್ಟು ಕರೆದುಕೊಂಡು ಹೋಗಬೇಡಿ. ಒಳಗೆ ಲಿವರ್ ಸಾಯುತ್ತಿರುತ್ತದೆ. ಮೂರನೇ ದಿನದ ಹೊತ್ತಿಗೆ ಕಣ್ಣು ಹಳದಿ ಆಗುತ್ತದೆ, ಆಮೇಲೆ ಬುದ್ಧಿ ಮಂಕಾಗುತ್ತದೆ. ಆಗ ಬಂದರೆ ಲಿವರ್ ಕಸಿ ಬಿಟ್ಟು ಬೇರೆ ದಾರಿ ಉಳಿಯದೆ ಹೋಗಬಹುದು.

ಹಾವಿನ ವಿಷಕ್ಕೆ ಇರುವ ಹಾಗೆ ಇದಕ್ಕೆ ಪ್ರತಿವಿಷದ ಇಂಜೆಕ್ಷನ್ ಇಲ್ಲ. ಡ್ರಿಪ್, ಲಿವರಿನ ರಕ್ತಪರೀಕ್ಷೆ ಮತ್ತೆ ಮತ್ತೆ, ಎನ್-ಅಸಿಟೈಲ್‌ಸಿಸ್ಟೀನ್, ಸಿಗುವ ಕಡೆ ಸಿಲಿಬಿನಿನ್, ಹೀಗೆ ನಡೆಯುತ್ತದೆ. ಬೇಗ ಬಂದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. ಮಧ್ಯಮ ಗಾತ್ರದ ಒಂದು ಡೆತ್ ಕ್ಯಾಪ್ ದೊಡ್ಡ ಆಳನ್ನು ಕೊಲ್ಲಲು ಸಾಕು.

ಅನುಮಾನ ಬಂದರೆ 108ಕ್ಕೆ ಫೋನ್ ಮಾಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಜ್ಜಿಗೆ, ಎಳನೀರು ಕೊಟ್ಟು ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ. ಅದೇ ಸಾರು ಉಂಡವರೆಲ್ಲ ಹೊರಡಬೇಕು, ಏನೂ ಆಗದಿದ್ದವರೂ. ಉಳಿದ ಅಣಬೆ, ತೊಟ್ಟು, ಸಿಪ್ಪೆ, ಪಾತ್ರೆಯ ಸಾರು, ಏನಿದ್ದರೂ ತನ್ನಿ. ಕಸದ ಬುಟ್ಟಿಯಿಂದ ಆರಿಸಿಯಾದರೂ ತನ್ನಿ. ಅಣಬೆಯನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕೊಳೆತು ನೀರಾಗುತ್ತದೆ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, ವೈದ್ಯರು ಅಲ್ಲಿಗೆ ಫೋನ್ ಮಾಡಿ ಕೇಳಬಹುದು.

ಬೇಗ ವಾಂತಿ ಆಯಿತು, ಇನ್ನು ಭಯ ಇಲ್ಲ ಅಂತಲೂ ಅಲ್ಲ. ಎರಡು ಮೂರು ಜಾತಿ ಬೆರೆಸಿ ಸಾರು ಮಾಡಿದ್ದರೆ ಮೊದಲನೆಯದು ಬೇಗ ತೋರಿಸಿಕೊಳ್ಳುತ್ತದೆ, ಎರಡನೆಯದು ಹಿಂದೆ ಕಾದಿರುತ್ತದೆ.

ಮದ್ದೂರು ಭತ್ತ

ಸಿಸ್ಟರ್, ಉಪಕಾರವಾಯಿತು. ನಮ್ಮ ಹುಲ್ಲು ಮೆದೆಯ ಬುಡದಲ್ಲಿ, ಕೊಳೆತ ಹುಲ್ಲಿನ ಮೇಲೆ ಬೂದು ಬಣ್ಣದ ಮೊಟ್ಟೆ ಮೊಟ್ಟೆ ತರ ಏಳುತ್ತವೆ. ಮೊಟ್ಟೆ ಒಡೆದು ಅಣಬೆ ಹೊರಗೆ ಬರುತ್ತದೆ, ಬುಡದಲ್ಲಿ ಚೀಲ ಉಳಿಯುತ್ತದೆ. ಚೀಲ ಇದ್ದರೆ ವಿಷ ಅಂದಿರಲ್ಲ, ಇದು ಏನು?

ಗಂಗೋತ್ರಿ ಹಳೇ ವಿದ್ಯಾರ್ಥಿ

ನೀವು ಹೇಳಿದ್ದು ಭತ್ತದ ಹುಲ್ಲಿನ ಅಣಬೆಗೆ ಹೊಂದುತ್ತದೆ, ವೋಲ್ವೇರಿಯೆಲ್ಲಾ. ಕ್ಯಾನ್‌ಬೆರಾದ ಬಾಣಸಿಗನ ಊರಿನ ಅಣಬೆ ಇದೇ. ಇದಕ್ಕೂ ಬುಡದಲ್ಲಿ ಚೀಲ ಇದೆ, ಅಮಾನಿಟಾಕ್ಕೂ ಇದೆ. ಬಲಿತ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಹುಲ್ಲಿನ ಅಣಬೆಗೆ ಕಾಂಡದ ಮೇಲೆ ಉಂಗುರ ಇಲ್ಲ, ಕಿವಿರು ಗುಲಾಬಿಗೆ ತಿರುಗುತ್ತದೆ, ಪುಡಿಯೂ ಗುಲಾಬಿ. ಡೆತ್ ಕ್ಯಾಪಿಗೆ ಉಂಗುರ ಇದೆ, ಕಿವಿರು ಬಿಳಿ, ಪುಡಿ ಬಿಳಿ. ಅದು ಬೆಳೆಯುವುದು ಕೆಲವು ಮರಗಳ ಬೇರಿನ ಜೊತೆ, ಕೊಳೆತ ಹುಲ್ಲಿನ ಮೇಲಲ್ಲ. ಆದರೆ ಮೊಟ್ಟೆ ಹಂತದಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ನಾನೂ ಹೇಳಲಾರೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಅಮಾನಿಟಾ ಜಾತಿಗಳಿವೆ. ಆದ್ದರಿಂದ ತಾನಾಗಿ ಎದ್ದ ಮೊಟ್ಟೆ ಯಾವುದನ್ನೂ ತಿನ್ನಬೇಡಿ. ಬೀಜ ಹಾಕಿ ಬೆಳ್ಕೊಂಡದ್ದಾದರೆ ಬೇರೆ ಮಾತು.

ಮೆದೆಯ ಅಣಬೆಯೇ ಆದರೂ, ಆ ಭತ್ತಕ್ಕೆ ಏನೇನು ಔಷಧಿ ಹೊಡೆದಿದ್ದೀರಿ ಅಂತ ಯೋಚನೆ ಮಾಡಿ. ಅಣಬೆ ಕೆಳಗೆ ಇದ್ದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಕಬ್ಬಿನ ಗದ್ದೆಯ ಬದು, ಹೆದ್ದಾರಿ ಪಕ್ಕ, ಕಾರ್ಖಾನೆ ನೀರು ಹರಿಯುವ ಕಡೆ, ಎಲ್ಲಿಯೂ ಬೇಡ.

ಬೋಟಿ ಗೊಜ್ಜು

ಒಂದು ಡೌಟು. ನಮ್ಮ ತಿಪ್ಪೆ ಮೇಲೆ ಬೆಳಗ್ಗೆ ಸಣ್ಣ ಕೊಡೆ ಏಳುತ್ತದೆ, ಮಧ್ಯಾಹ್ನಕ್ಕೆ ಕರಗಿ ಕಪ್ಪು ಶಾಯಿ ಸುರಿಯುತ್ತದೆ. ಅದನ್ನು ತಿಂದವರಿದ್ದಾರೆ. ಸಾಯಂಕಾಲ ಒಂದು ನೈಂಟಿ ಜೊತೆ ನೆಂಚಿಕೊಳ್ಳಬಹುದಾ?

ಗಂಗೋತ್ರಿ ಹಳೇ ವಿದ್ಯಾರ್ಥಿ

ಗೊಜ್ಜು, ಬೇಕಂತಲೇ ಕೇಳಿದ್ದೀರಿ ಅನ್ನಿಸುತ್ತದೆ, ಆದರೂ ಪ್ರಶ್ನೆ ಚೆನ್ನಾಗಿದೆ. ಶಾಯಿ ಅಣಬೆಗಳಲ್ಲಿ ಒಂದು ಜಾತಿಯಲ್ಲಿ ಕೊಪ್ರಿನ್ ಅನ್ನುವ ಅಂಶ ಇದೆ. ಬರೀ ಅಣಬೆ ತಿಂದರೆ ಏನೂ ಆಗದೇ ಇರಬಹುದು. ಜೊತೆಗೆ ಹೆಂಡ ಸೇರಿದರೆ ಮುಖ ಕೆಂಪಗಾಗಿ, ಎದೆ ಡವಗುಟ್ಟಿ, ವಾಂತಿ ಶುರುವಾಗುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಕೆಲಸ ಮಾಡುವುದೂ ಹೀಗೆಯೇ. ಅಣಬೆ ತಿಂದ ಒಂದೆರಡು ದಿನ ಬಿಟ್ಟು ಕುಡಿದರೂ ಹಿಡಿದುಕೊಳ್ಳಬಹುದು. ನಿಮ್ಮ ತಿಪ್ಪೆಯದ್ದು ಯಾವ ಜಾತಿ ಅಂತ ಇಲ್ಲಿ ಕೂತು ಹೇಳಲಾಗದು. ಬಿಟ್ಟುಬಿಡಿ.

ಬೋಟಿ ಗೊಜ್ಜು

ಅಣಬೆ ಬಿಟ್ಟೆ.

ಸಂತೆಗೆ ಹೋಗುವವಳು, ಹುಣಸೂರು

ರಸ್ತೆ ಬದಿಯಲ್ಲಿ ಎಲೆ ಹಾಸಿ ಗುಡ್ಡೆ ಹಾಕಿ ಮಾರುತ್ತಾರಲ್ಲ, ಅದನ್ನು ತೆಗೆದುಕೊಳ್ಳಬಹುದಾ? ನಾನಂತೂ ಪ್ರತಿ ವರ್ಷ ತರುತ್ತೇನೆ. ಹುತ್ತದ ಅಣಬೆಗೆ ಕಾಯಿ, ಗಸಗಸೆ ಅರೆದು ಹಾಕಿದರೆ ಕೋಳಿ ಸಾರನ್ನು ಪಕ್ಕಕ್ಕಿಡಬೇಕು.

ಪಾಂಡವಪುರದವನು

ನಾನೂ ತೆಗೆದುಕೊಳ್ಳುತ್ತೇನೆ, ಆದರೆ ನೋಡಿ. ಬುಡ ಕತ್ತರಿಸಿ ಬರೀ ಕೊಡೆ ಇಟ್ಟಿದ್ದರೆ ಬೇಡ. ಬೇರು ಸಮೇತ ಇರಬೇಕು, ಅಲ್ಲಿ ಕೆಮ್ಮಣ್ಣು ಹತ್ತಿರುತ್ತದೆ. ಒಂದೇ ಗುಡ್ಡೆಯಲ್ಲಿ ಬೇರೆ ಬೇರೆ ತರದ್ದು ಬೆರೆತಿದ್ದರೆ ಬೇಡ. ಹುತ್ತ ಎಲ್ಲಿತ್ತು ಅಂತ ಕೇಳಿ. ತಾವೇ ಕಿತ್ತು ತಂದವರು ಕಥೆ ಸಮೇತ ಹೇಳುತ್ತಾರೆ, ಕೈ ಬದಲಾಗಿ ಬಂದಿದ್ದರೆ ತಡವರಿಸುತ್ತಾರೆ. ವಾಸನೆ ಬಂದದ್ದು, ಲೋಳೆಯಾದದ್ದು ಬೇಡ. ಒಳ್ಳೆ ಜಾತಿಯೂ ಹಳಸಿದರೆ ಹೊಟ್ಟೆ ಕೆಡಿಸುತ್ತದೆ. ತಂದ ದಿನವೇ ಚೆನ್ನಾಗಿ ಬೇಯಿಸಿ. ಮನೆಯಲ್ಲಿ ಹಿಂದೆ ತಿನ್ನದವರು ಇದ್ದರೆ ಮೊದಲ ಸಲ ಒಂದೆರಡು ತುಂಡು ಸಾಕು. ಕೆಲವರ ಮೈಗೆ ಒಳ್ಳೆ ಅಣಬೆಯೂ ಒಗ್ಗುವುದಿಲ್ಲ. ಒಂದು ಹಸಿ ಅಣಬೆಯನ್ನು ಪೇಪರಿನಲ್ಲಿ ಸುತ್ತಿ ಮರುದಿನದವರೆಗೆ ಫ್ರಿಜ್ಜಿನಲ್ಲಿಡಿ. ಏನಾದರೂ ಆದರೆ ಸಿಸ್ಟರ್ ಕೇಳುವುದು ಅದನ್ನೇ.

ಎರಡು ಮಕ್ಕಳ ತಾಯಿ

ಇದೆಲ್ಲ ಓದಿ ನನಗೆ ಕಾಡಿನದ್ದು ಬೇಡವೇ ಬೇಡ ಅನ್ನಿಸಿತು. ಮನೆಯಲ್ಲೇ ಬೆಳೆಯಬಹುದಾ?

ಮದ್ದೂರು ಭತ್ತ

ಬೆಳೆಯಬಹುದು ಅಕ್ಕ, ಚಿಪ್ಪು ಅಣಬೆ ಸುಲಭ. ಭತ್ತದ ಹುಲ್ಲು ಕತ್ತರಿಸಿ, ನೆನೆಸಿ, ಬಿಸಿನೀರಲ್ಲಿ ಬೇಯಿಸಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಒಂದು ಪದರ, ಬೀಜ ಒಂದು ಪದರ ಹಾಕಿ ಕಟ್ಟುತ್ತೇವೆ. ಕತ್ತಲೆ ಕೋಣೆಯಲ್ಲಿಟ್ಟರೆ ಚೀಲ ಪೂರ್ತಿ ಬಿಳಿ ಆಗುತ್ತದೆ, ಆಮೇಲೆ ಚೀಲ ಬಿಡಿಸಿ ನೀರು ಚಿಮುಕಿಸುತ್ತಾ ಇರಬೇಕು. ಬೇಸಿಗೆಗೆ ಹಾಲು ಅಣಬೆ ಚೆನ್ನಾಗಿ ಬರುತ್ತದೆ. ಬೀಜ ನಂಬಿಕೆಯ ಕಡೆಯಿಂದ ತನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ವಿಭಾಗವೇ ಇದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಯಾವಾಗ ಅಂತ ಕೇಳಿ ನೋಡಿ. ಚೀಲದಲ್ಲಿ ಹಸಿರು ಬೂಷ್ಟು ಬಂದರೆ ಆ ಚೀಲವನ್ನು ದೂರ ಬಿಸಾಡಿ, ಇಲ್ಲದಿದ್ದರೆ ಪಕ್ಕದ್ದಕ್ಕೂ ಹಬ್ಬುತ್ತದೆ.

ಟೆರೇಸ್ ತೋಟ, ಕುವೆಂಪುನಗರ

ಪಾಂಡವಪುರದವರೇ, ಹುತ್ತದ ಅಣಬೆ ಅಗೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಸಾರ್. ಫೋಟೋದಲ್ಲಿ ಆಗುವ ಕೆಲಸ ಅಲ್ಲ ಇದು.

ಪಾಂಡವಪುರದವನು

ಬನ್ನಿ ಮೇಡಂ. ನಮ್ಮ ತೋಟದಲ್ಲೇ ಎರಡು ಹುತ್ತ ಇವೆ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಯಾವ ದಿನ ಅಂತ ಈಗಲೇ ಹೇಳಲಾರೆ, ಗುಡುಗಿ ಮಳೆ ಬಂದ ಮಾರನೇ ಬೆಳಗ್ಗೆ ಇಲ್ಲೇ ಬರೆಯುತ್ತೇನೆ. ಎಂಟು ಗಂಟೆ ಒಳಗೆ ಬರಬೇಕು, ಇಲ್ಲದಿದ್ದರೆ ಮಕ್ಕಳು ಕಿತ್ತಿರುತ್ತಾರೆ. ಬರುವವರು ಚಾಕು, ಕಪ್ಪು ಬಿಳಿ ಕಾಗದ, ಪೇಪರ್ ಕವರ್ ತನ್ನಿ. ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಿಕೊಳ್ಳಿ, ಹುತ್ತದಲ್ಲಿ ಗೆದ್ದಲು ಮಾತ್ರ ಇರುವುದಿಲ್ಲ.

ಮಳವಳ್ಳಿ ಅಜ್ಜಿಮನೆ

ನಾನೂ ಬರುತ್ತೇನೆ. ಬಸ್ಸಿನಲ್ಲಿ ಬಂದರೆ ಎಲ್ಲಿ ಇಳಿಯಬೇಕು?